ಸಣ್ಣಗಿದ್ದವರ ಹೊಟ್ಟೆ

ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಸಕ್ಕರೆ ಕಾಯಿಲೆ ಅಂದರೆ ದಪ್ಪಗಿದ್ದವರ ಆಸ್ತಿ ಅನ್ನೋ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಗಲ್ಲಾದ ಹಿಂದೆ ಕೂತು ವ್ಯಾಪಾರ ಮಾಡೋರಿಗೆ ಬರುತ್ತೆ, ತೋಟದಲ್ಲಿ ಓಡಾಡಿಕೊಂಡು ಮುದ್ದೆ ತಿನ್ನೋರಿಗೆ ಎಲ್ಲಿಂದ ಬರಬೇಕು ಅಂತಾರೆ. ತರೀಕೆರೆ ಹತ್ತಿರದ ನಮ್ಮ ದೊಡ್ಡಪ್ಪನೂ ಹಾಗೇ ಅಂದುಕೊಂಡಿದ್ದರು. ಅಡಿಕೆ ಮರದ ಹಾಗೆ ನೆಟ್ಟಗೆ, ಸಣ್ಣಗೆ ಇದ್ದವರು. ಹೊಟ್ಟೆ ಮಾತ್ರ ಸ್ವಲ್ಪ ಮುಂದೆ. ಸುಸ್ತು ಅಂತ ಹೋದಾಗೆಲ್ಲ ಡಾಕ್ಟರೊಬ್ಬರು "ನೀವೇನು ದಪ್ಪ ಇದ್ದೀರಾ? ಚೆನ್ನಾಗಿ ಊಟ ಮಾಡಿ" ಅಂತ ಟಾನಿಕ್ ಬರೆದು ಕಳಿಸುತ್ತಿದ್ದರು. ಕಾಲಿನ ಗಾಯ ಎರಡು ತಿಂಗಳಾದರೂ ಮಾಯದೇ ಇದ್ದಾಗಲೇ ಸಕ್ಕರೆ ಪರೀಕ್ಷೆ ಆಗಿದ್ದು. ಒಂದು ಬೆರಳು ಹೋಯಿತು.

ಇದನ್ನು ಹಣೆಬರಹ ಅಂತ ಬಿಟ್ಟುಬಿಡೋಕೆ ನನಗೆ ಮನಸ್ಸಿಲ್ಲ. ತಪ್ಪು ಅಳತೆಗೋಲಿನಿಂದ ಆದ ಅನಾಹುತ ಇದು ಅಂತ ನನ್ನ ವಾದ.

ಬಿಎಂಐ ಗೊತ್ತಲ್ಲ? ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬರೋ ಸಂಖ್ಯೆ. ಈ ಭಾಗಾಕಾರ ಹತ್ತೊಂಬತ್ತನೇ ಶತಮಾನದ ಬೆಲ್ಜಿಯಂನ ಕ್ವೆಟೆಲೆಟ್ ಎಂಬ ಗಣಿತಜ್ಞನದು. ಬಿಎಂಐ ಅನ್ನೋ ಹೆಸರು ಕೊಟ್ಟಿದ್ದು ಅಮೆರಿಕದ ಆನ್ಸೆಲ್ ಕೀಸ್, 1972ರಲ್ಲಿ. 25 ದಾಟಿದರೆ ತೂಕ ಜಾಸ್ತಿ, 30 ದಾಟಿದರೆ ಬೊಜ್ಜು ಅನ್ನೋ ಗೆರೆಗಳನ್ನು ಎಳೆದದ್ದು ಮುಖ್ಯವಾಗಿ ಯುರೋಪು, ಅಮೆರಿಕದವರ ಲೆಕ್ಕ ನೋಡಿ. ಈ ಸಂಖ್ಯೆಗೆ ಕೊಬ್ಬು ಯಾವುದು, ಮಾಂಸಖಂಡ ಯಾವುದು ಗೊತ್ತಾಗೋದಿಲ್ಲ. ಕೊಬ್ಬು ಎಲ್ಲಿದೆ ಅನ್ನೋದಂತೂ ಗೊತ್ತೇ ಆಗೋದಿಲ್ಲ.

2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಫೋಟೋ ಬಂತು. ಪುಣೆಯ ಡಾ. ಯಾಜ್ಞಿಕ್, ಲಂಡನ್ನಿನ ಡಾ. ಯುಡ್ಕಿನ್, ಇಬ್ಬರೂ ಪಕ್ಕ ಪಕ್ಕ ನಿಂತಿದ್ದಾರೆ. ಇಬ್ಬರದೂ ಬಿಎಂಐ 22.3, ಅಂದರೆ ಫಸ್ಟ್ ಕ್ಲಾಸ್. ಆದರೆ ಮೈಯ ಕೊಬ್ಬು ಅಳೆದು ನೋಡಿದರೆ ಯುಡ್ಕಿನ್‌ಗೆ ಶೇ. 9.1, ನಮ್ಮ ಯಾಜ್ಞಿಕ್‌ಗೆ ಶೇ. 21.2! ಒಂದೇ ಬಿಎಂಐ, ಎರಡು ಪಟ್ಟಿಗಿಂತ ಜಾಸ್ತಿ ಕೊಬ್ಬು.

ಕೊಬ್ಬು ಇರೋದೇ ತಪ್ಪಲ್ಲ, ಕೂತಿರೋ ಜಾಗ ಮುಖ್ಯ. ತೊಡೆ, ಸೊಂಟದ ಚರ್ಮದಡಿ ಇರೋ ಕೊಬ್ಬು ಹೆಚ್ಚು ತಂಟೆ ಮಾಡೋದಿಲ್ಲ. ಕರುಳಿನ ಸುತ್ತ, ಪಿತ್ತಜನಕಾಂಗದ ಒಳಗೆ ಸೇರಿಕೊಂಡಿದ್ದು ಇನ್ಸುಲಿನ್ ಕೆಲಸಕ್ಕೆ ಅಡ್ಡಗಾಲು ಹಾಕುತ್ತೆ. ನಮ್ಮಲ್ಲಿ ಚರ್ಮದಡಿಯ ಉಗ್ರಾಣ ಚಿಕ್ಕದು, ಬೇಗ ತುಂಬಿಹೋಗುತ್ತೆ ಅನ್ನೋದು ಒಂದು ವಿವರಣೆ. ಗೋಡೌನ್ ತುಂಬಿದ ಮೇಲೆ ಅಡಿಕೆ ಮೂಟೆ ನಡುಮನೆಗೇ ಬಂದು ಕೂರುತ್ತಲ್ಲ, ಹಾಗೆ. ಆಫ್ರಿಕಾ ಮೂಲದವರಲ್ಲಿ ಅದೇ ಬಿಎಂಐಗೆ ಹೊಟ್ಟೆಯೊಳಗಿನ ಕೊಬ್ಬು ಕಡಿಮೆ. ಪಾಲಿನೇಷ್ಯಾ ದ್ವೀಪದವರಲ್ಲಿ ಮಾಂಸಖಂಡವೇ ಜಾಸ್ತಿ.

2021ರಲ್ಲಿ ಇಂಗ್ಲೆಂಡಿನಲ್ಲಿ ಹತ್ತಾರು ಲಕ್ಷ ಜನರ ದಾಖಲೆ ಇಟ್ಟುಕೊಂಡು ಲೆಕ್ಕ ಹಾಕಿದರು. ಬಿಳಿಯರಿಗೆ ಬಿಎಂಐ 30ರಲ್ಲಿ ಸಕ್ಕರೆ ಕಾಯಿಲೆಯ ಅಪಾಯ ಎಷ್ಟಿರುತ್ತೋ, ದಕ್ಷಿಣ ಏಷ್ಯಾದವರಿಗೆ ಅಷ್ಟೇ ಅಪಾಯ 23.9ಕ್ಕೇ ಬರುತ್ತೆ. ಐದು ಅಡಿ ಏಳು ಇಂಚು ಎತ್ತರದವರಿಗೆ ಲೆಕ್ಕ ಹಾಕಿ ನೋಡಿ. ಅವರಿಗೆ 87 ಕಿಲೋ, ನಮಗೆ 69!

ಇನ್ನು ನಮ್ಮ ಆಫೀಸಿನ ಕಥೆ ಕೇಳಿ. ವರ್ಷಕ್ಕೊಮ್ಮೆ ಹೆಲ್ತ್ ಚೆಕಪ್, ಬಣ್ಣಬಣ್ಣದ ರಿಪೋರ್ಟು. 24.6 ಇದ್ದವನಿಗೂ ಹಸಿರು ಬಣ್ಣದಲ್ಲಿ "ನಾರ್ಮಲ್". ಏಷ್ಯಾದವರಿಗೆ 23ರಿಂದಲೇ ಎಚ್ಚರ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಹೇಳಿದ್ದು 2004ರಲ್ಲಿ. ನಮ್ಮ ದೇಶದ ವೈದ್ಯರೂ 2009ರಲ್ಲಿ ಒಟ್ಟಾಗಿ ಅದನ್ನೇ ಹೇಳಿದರು: 23 ದಾಟಿದರೆ ತೂಕ ಜಾಸ್ತಿ, 25ಕ್ಕೆ ಬೊಜ್ಜು. ಆದರೂ ಯಾರೋ ಎಲ್ಲಿಂದಲೋ ಕಾಪಿ ಹೊಡೆದ ಕೋಡಿನಲ್ಲಿ 25 ಅಂತ ಹಾರ್ಡ್‌ಕೋಡ್ ಆಗಿ ಕೂತಿದೆ. (ನಮ್ಮ ಕಸುಬಿನವರಿಗೆ ಹೇಳಬೇಕಾಗಿಲ್ಲ. ಡಿಫಾಲ್ಟ್ ವ್ಯಾಲ್ಯೂನ ಯಾರೂ ಮುಟ್ಟೋದಿಲ್ಲ!)

ಊರಲ್ಲಿ ಇದನ್ನು ಹೇಳಿದರೆ ಬರೋ ಉತ್ತರ, "ಅದು ನಮ್ಮ ತಳಿ ಮಾರಾಯ, ಏನು ಮಾಡೋಕಾಗುತ್ತೆ?" ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಇರೋದರಿಂದಲೋ ಏನೋ, ಎಲ್ಲಕ್ಕೂ ತಳಿ ಅಂದುಬಿಡೋ ಅಭ್ಯಾಸ ನಮಗೆ. ವಂಶವಾಹಿಯ ಪಾಲು ಇದೆ, ಇಲ್ಲ ಅನ್ನೋದಿಲ್ಲ. ಆದರೆ ಅಷ್ಟೇ ಅಲ್ಲ. ಅದಕ್ಕೆ ಮೈಸೂರಿಗೇ ಹೋಗಬೇಕು.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ (ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ) 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದಾರೆ. ಹಾಗೆ ಹುಟ್ಟಿದವರನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷೆ ಮಾಡಿದರು. ಹುಟ್ಟುವಾಗ ಗಿಡ್ಡಕ್ಕೆ, ದುಂಡಗೆ ಇದ್ದವರಲ್ಲಿ ಸಕ್ಕರೆ ಕಾಯಿಲೆ ಜಾಸ್ತಿ ಇತ್ತು. ಆಮೇಲೆ ಅಲ್ಲೇ 1997-98ರಲ್ಲಿ ಹುಟ್ಟಿದ ಮಕ್ಕಳನ್ನೂ ಅಳೆದರು. ಇಂಗ್ಲೆಂಡಿನ ಕೂಸುಗಳ ಪಕ್ಕ ಇಟ್ಟರೆ ನಮ್ಮ ಕೂಸುಗಳು ತೂಕ, ಉದ್ದ, ತೋಳು ಎಲ್ಲದರಲ್ಲೂ ಚಿಕ್ಕವು. ಬೆನ್ನಿನ ಮೇಲೆ, ಹೆಗಲ ಮೂಳೆಯ ಕೆಳಗಿನ ಚರ್ಮದ ಮಡಿಕೆ ಮಾತ್ರ ಅಷ್ಟಾಗಿ ಸೊರಗಿಲ್ಲ! ನಾಲ್ಕು ವರ್ಷಕ್ಕೆ ಬರುವಾಗ ಅದೊಂದು ಅಳತೆ ಅಲ್ಲಿನ ಮಕ್ಕಳಿಗಿಂತ ಹೆಚ್ಚೇ ಇತ್ತು. ಅಂದರೆ ಬಸುರಲ್ಲೇ ಮಾಂಸಖಂಡಕ್ಕೆ ಕೊರತೆ, ಮುಂಡದ ಕೊಬ್ಬಿಗೆ ಅಲ್ಲ. ಅಜ್ಜಿ, ಮುತ್ತಜ್ಜಿಯರು ಅರೆಹೊಟ್ಟೆ ಉಂಡಿದ್ದು, ತಾಯಿಗೆ ಬಸುರಲ್ಲಿ ಸಕ್ಕರೆ ಇದ್ದದ್ದು, ಇವೂ ಇದರೊಳಗೆ ಸೇರಿವೆ. ಹಸುವಿನ ತಳಿಯ ಹಾಗೆ ಇದು ಬದಲಾಗದೇ ಉಳಿಯಬೇಕಿಲ್ಲ.

ಹಾಗಾದರೆ ಅಳೆಯೋದು ಯಾವುದನ್ನು? ಹೊಟ್ಟೆಯನ್ನೇ. ನಮ್ಮ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮಿತಿ. ಅಮೆರಿಕದವರು ಗಂಡಸರಿಗೆ ಇಟ್ಟುಕೊಂಡಿದ್ದು 102. ಐಸಿಎಂಆರ್ ದೇಶಾದ್ಯಂತ ಮಾಡಿದ ಸಮೀಕ್ಷೆ 2023ರಲ್ಲಿ ಬಂತು. ಅದರಲ್ಲಿ ಬಿಎಂಐ ಪ್ರಕಾರ ಬೊಜ್ಜು ಶೇ. 28.6, ಹೊಟ್ಟೆಯ ಅಳತೆ ಪ್ರಕಾರ ಶೇ. 39.5. ನಮ್ಮ ದೊಡ್ಡಪ್ಪನಂಥವರು ಈ ಎರಡರ ನಡುವೆ ಇದ್ದಾರೆ.

ತಮಾಷೆ ಏನು ಗೊತ್ತಾ? ನಮ್ಮ ಹೈಟೆಕ್ ರಿಪೋರ್ಟಿನಲ್ಲಿ ಸೊಂಟದ ಸುತ್ತಳತೆಗೆ ಜಾಗವೇ ಇಲ್ಲ. ಹಳ್ಳಿಯಲ್ಲಿ ಮೂವತ್ತು ದಾಟಿದವರ ಮನೆಮನೆಗೆ ಆಶಾ ಕಾರ್ಯಕರ್ತೆಯರು ತರೋ ಸರ್ಕಾರಿ ಫಾರಂನಲ್ಲಿ ಇದೆ! ವಯಸ್ಸು, ಬೀಡಿ-ಹೆಂಡ, ಸೊಂಟದ ಅಳತೆ, ವ್ಯಾಯಾಮ, ಮನೆಯಲ್ಲಿ ಯಾರಿಗಾದರೂ ಇದೆಯಾ ಅಂತ ಕೇಳಿ ಅಂಕ ಹಾಕುತ್ತಾರೆ. ಬಿಎಂಐ ಮಾತೇ ಇಲ್ಲ. ಅಂಕ ನಾಲ್ಕು ದಾಟಿದರೆ ಮೊದಲು ಪರೀಕ್ಷೆಗೆ ಕರೆಯಬೇಕು. ಈ ವಿಷಯದಲ್ಲಿ ಬೆಂಗಳೂರಿನ ನಮ್ಮ ಆಫೀಸಿಗಿಂತ ಕಡೂರಿನ ಹಳ್ಳಿಯೇ ಮುಂದಿದೆ ಅನ್ನಿ.

ಆದರೆ ಅಳೆಯೋಕೆ ನಾವು ಬಿಡಬೇಕಲ್ಲ! ಆ ಅಕ್ಕ ಟೇಪು ಬಿಚ್ಚಿದರೆ ಹೆಂಗಸರು ನಾಚಿಕೊಂಡು ಒಳಗೆ ಹೋಗುತ್ತಾರೆ. ಗಂಡಸರು "ಮೂವತ್ತನಾಲ್ಕು ಬರ್ಕೊಳಮ್ಮ" ಅಂತ ಪ್ಯಾಂಟಿನ ಸೈಜು ಹೇಳುತ್ತಾರೆ. ಪ್ಯಾಂಟು ಕೂರೋದು ಹೊಟ್ಟೆಯ ಕೆಳಗೆ, ಉಡಿದಾರವೂ ಅಷ್ಟೇ, ಹೊಟ್ಟೆ ಬೆಳೆದಂತೆ ಕೆಳಗೆ ಜಾರುತ್ತೆ. ಅಳೆಯಬೇಕಾದ್ದು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ಮಧ್ಯದಲ್ಲಿ, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆದುಕೊಳ್ಳದೆ. ಮುಂದಿನ ಸಲ ಊರಿಗೆ ಹೋದಾಗ ಅಪ್ಪ ಅಮ್ಮನದು ಹೀಗೆ ಅಳೆದು ನೋಡಿ. ಟೇಪು ಇಲ್ಲದಿದ್ದರೆ ಒಂದು ದಾರ ಸುತ್ತಿ, ಆಮೇಲೆ ಸ್ಕೇಲಿಗೆ ಹಿಡಿದರೂ ಸಾಕು.