ಮಗು ಐಸಿಯುನಲ್ಲಿರುವಾಗ ತಾಯಿ ಎಲ್ಲಿರಬೇಕು?

ಕಳೆದ ಮಳೆಗಾಲದಲ್ಲಿ ಗೋವಿಂದನಹಳ್ಳಿಯಿಂದ ಒಬ್ಬ ಅತ್ತೆ ತಮ್ಮ ಸೊಸೆಯನ್ನು ಕರೆದುಕೊಂಡು ಕೆ.ಆರ್. ಪೇಟೆಯ ನನ್ನ ದವಾಖಾನೆಗೆ ಬಂದರು. ಹೆರಿಗೆಯಾಗಿ ಹನ್ನೊಂದು ದಿನವಾಗಿತ್ತು. "ಹಕೀಮ್ ಸಾಹೇಬರೇ, ಇವಳಿಗೆ ಹಾಲು ಬತ್ತಿದೆ, ನಿದ್ದೆ ಇಲ್ಲ, ಅನ್ನ ಮುಟ್ಟುತ್ತಿಲ್ಲ. ಏನಾದರೂ ಮಾಜೂನ್ ಕೊಡಿ" ಎಂದರು. ಮಗು ಎಲ್ಲಿ ಎಂದು ಕೇಳಿದೆ. ಎಂಟು ತಿಂಗಳಿಗೇ ಹುಟ್ಟಿದ ಮಗು, ತೂಕ ಒಂದೂವರೆ ಕಿಲೋಗೂ ಕಡಿಮೆ. ಮಂಡ್ಯದ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿದೆ, ತಂದೆ ಅಲ್ಲಿದ್ದಾನೆ ಎಂದರು. "ನೀನು ಮಗುವನ್ನು ನೋಡಿ ಎಷ್ಟು ದಿನವಾಯಿತಮ್ಮಾ?" ಎಂದೆ. ಆ ಹುಡುಗಿ ಮಾತಾಡಲಿಲ್ಲ. ಅತ್ತೆಯೇ ಹೇಳಿದರು: "ಎಂಟು ದಿನ. ಚಿಲ್ಲಾದಲ್ಲಿ ಹೊರಗೆ ಓಡಾಡಬಾರದಲ್ಲವೇ? ನಿಮ್ಮ ಹತ್ತಿರ ಎಂದು ಮಾತ್ರ ಬಂದೆವು."

ನಾನು ಅಂದು ಔಷಧಿ ಚೀಟಿ ಬರೆಯಲಿಲ್ಲ. ಇಲ್ಲಿಂದ ನೇರವಾಗಿ ಮಂಡ್ಯದ ಬಸ್ಸು ಹತ್ತಿ ಎಂದು ಹೇಳಿದೆ. ಅತ್ತೆಯವರಿಗೆ ಸ್ವಲ್ಪ ಬೇಸರವಾಯಿತು. ಔಷಧಿಯನ್ನೇ ಬರೆಯದ ಹಕೀಮ ಎಂಥವನು ಎಂದು ಅವರಿಗೆ ಅನಿಸಿರಬೇಕು.

ಈ ಮಾತನ್ನು ನಾನು ಪುಸ್ತಕದಿಂದ ಮಾತ್ರ ಕಲಿತಿದ್ದಲ್ಲ. ಹದಿನಾಲ್ಕು ವರ್ಷಗಳ ಹಿಂದೆ ನನ್ನ ಮೊದಲ ಮಗಳು ಅವಧಿಗೆ ಮುನ್ನ ಹುಟ್ಟಿ ನಗರವೊಂದರ ಆಸ್ಪತ್ರೆಯಲ್ಲಿ 19 ದಿನ ಇದ್ದಳು. ದಿನಕ್ಕೆ ಒಮ್ಮೆ, ಹತ್ತು ನಿಮಿಷ, ಗಾಜಿನ ಆಚೆಯಿಂದ ನೋಡಲು ಬಿಡುತ್ತಿದ್ದರು. ನಾನು ಹಣ, ಔಷಧಿ, ರಕ್ತದ ಚೀಟಿ ಎಂದು ಓಡಾಡುತ್ತಿದ್ದೆ. ಹೆಂಡತಿಗೆ ದಿನವೂ ಹೇಳುತ್ತಿದ್ದುದು ಒಂದೇ ಮಾತು: "ಅಳಬೇಡ, ಸಬ್ರ್ ಮಾಡು." ವೈದ್ಯನಾದ ನನಗೆ ಅವಳ ನಾಡಿ ಹಿಡಿದು ನೋಡಬೇಕೆಂದು ಒಂದು ದಿನವೂ ತೋಚಲಿಲ್ಲ. ಮಗಳು ಮನೆಗೆ ಬಂದಮೇಲೂ ನಾಲ್ಕು ತಿಂಗಳು ಆಕೆ ರಾತ್ರಿ ಎದ್ದೆದ್ದು ಮಗುವಿನ ಉಸಿರು ನೋಡುತ್ತಿದ್ದಳು. "ಆ ಮಗು ನನ್ನದು ಎಂದು ನನಗೆ ಅನಿಸಲೇ ಇಲ್ಲ. ನರ್ಸ್‌ಗಳ ಮಗುವನ್ನು ಕೇಳಿ ತಂದಂತೆ ಇತ್ತು" ಎಂದು ಬಹಳ ದಿನಗಳ ನಂತರ ಹೇಳಿದಳು. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಆತಂಕ ಎಲ್ಲಿಂದ ಬರುತ್ತದೆ?

37 ವಾರ ತುಂಬುವ ಮೊದಲೇ ಹುಟ್ಟಿದ, ತೀರಾ ಕಡಿಮೆ ತೂಕದ, ಉಸಿರಾಟದ ತೊಂದರೆ ಅಥವಾ ಸೋಂಕಿರುವ ಮಗುವನ್ನು ತೀವ್ರ ನಿಗಾ ಘಟಕಕ್ಕೆ ಸೇರಿಸುತ್ತಾರೆ. ಮೂಗಿಗೆ ನಳಿಕೆ, ಕಾಲಿಗೆ ಕೆಂಪು ದೀಪದ ಪಟ್ಟಿ, ಆಗಾಗ ಕೂಗುವ ಯಂತ್ರ. ಯಂತ್ರ ಕೂಗಿದಾಗಲೆಲ್ಲ ತಾಯಿಯ ಎದೆ ಧಸಕ್ಕೆನ್ನುತ್ತದೆ. ಎಷ್ಟೋ ಸಲ ಆ ಪಟ್ಟಿ ಸಡಿಲವಾಗಿದ್ದಕ್ಕೂ ಯಂತ್ರ ಕೂಗುತ್ತದೆ ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ. "ನಾನೇನೋ ತಪ್ಪು ಮಾಡಿದೆ, ಭಾರ ಎತ್ತಿದೆ, ಅದಕ್ಕೇ ಹೀಗಾಯಿತು" ಎಂಬ ಕೊರಗು ಬೇರೆ. ನೆಂಟರು ಅದಕ್ಕೆ ಮತ್ತಷ್ಟು ಗೊಬ್ಬರ ಹಾಕುತ್ತಾರೆ.

ಯುನಾನಿ ವೈದ್ಯಶಾಸ್ತ್ರದಲ್ಲಿ 'ಅಸ್ಬಾಬೆ ಸಿತ್ತಾ ಜರೂರಿಯಾ' ಎಂಬ ಆರು ಮೂಲಾಧಾರಗಳಿವೆ. ಗಾಳಿ, ಅನ್ನಪಾನಗಳ ಜೊತೆಗೆ ನಿದ್ದೆ-ಎಚ್ಚರ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿಯೂ ಅದರಲ್ಲಿ ಸೇರಿವೆ. ಮನಸ್ಸು ಕೆಟ್ಟರೆ ದೇಹ ಕೆಡುತ್ತದೆ ಎಂದು ನಮ್ಮ ಹಿರಿಯ ಹಕೀಮರು ಸಾವಿರ ವರ್ಷದ ಹಿಂದೆಯೇ ಬಲ್ಲರು. ಹಾಲಿನ ವಿಷಯದಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಎದೆ ಖಾಲಿಯಾದಷ್ಟೂ ಹಾಲು ಬರುತ್ತದೆ. ಭಯ, ದಣಿವು ಹಾಲು ಇಳಿಯುವುದನ್ನು ತಡೆಯುತ್ತವೆ. ಮಗುವನ್ನೇ ಕಾಣದ, ಹಾಲು ಹಿಂಡದ ತಾಯಿಗೆ ಸತಾವರಿ, ಜೀರಿಗೆ ಎಷ್ಟು ಕೊಟ್ಟರೂ ಒಣ ಕೆರೆಗೆ ತೂಬು ತೆಗೆದಂತೆ.

ಚಿಲ್ಲಾ ಶಿಕ್ಷೆಯಾಗಬಾರದು

ಹೆರಿಗೆಯ ನಂತರದ ನಲವತ್ತು ದಿನಗಳ ವಿಶ್ರಾಂತಿಯನ್ನು ನಾನು ವಿರೋಧಿಸುವುದಿಲ್ಲ. ಅದು ಬಹಳ ಒಳ್ಳೆಯ ಪದ್ಧತಿ. ಆದರೆ ಅದರ ಉದ್ದೇಶವೇನು? ತಾಯಿ ಮಗು ಇಬ್ಬರೂ ಒಟ್ಟಿಗೆ, ಬೆಚ್ಚಗೆ ಇರಲಿ ಎಂದು. ಮಗು ಮಂಡ್ಯದಲ್ಲಿದ್ದು ತಾಯಿ ಮನೆಯ ಮೂಲೆಯಲ್ಲಿದ್ದರೆ ಅದು ಚಿಲ್ಲಾ ಅಲ್ಲ, ಶಿಕ್ಷೆ. ನಿಫಾಸ್‌ನ ನಿಯಮಗಳು ನಮಾಝ್, ಉಪವಾಸದಂತಹ ಇಬಾದತ್‌ಗಳಿಗೆ ಸಂಬಂಧಿಸಿದವು. ಕಾಯಿಲೆಯ ಮಗುವಿನ ಬಳಿಗೆ ಹೋಗುವುದನ್ನು ಅವು ತಡೆಯುವುದಿಲ್ಲ. ಪವಿತ್ರ ಕುರ್‌ಆನಿನ ಅಲ್ ಕಸಸ್ ಅಧ್ಯಾಯದಲ್ಲಿ ಮೂಸಾ (ಅ) ಅವರ ತಾಯಿಯ ವೃತ್ತಾಂತವಿದೆ. ಕೂಸನ್ನು ಅಗಲಿದ ಆ ತಾಯಿಯ ಎದೆ ಬರಿದಾಯಿತು. ಅವರ ಕಣ್ಣು ತಂಪಾದದ್ದು ಮಗು ಮರಳಿ ಮಡಿಲಿಗೆ ಬಂದಾಗಲೇ. ಅಂಥ ತಾಯಿಯೇ ಅಷ್ಟು ತಳಮಳಿಸಿದಾಗ, ನಮ್ಮ ಮನೆಯ ಹುಡುಗಿಗೆ "ನಿನ್ನ ಈಮಾನ್ ದುರ್ಬಲ" ಎನ್ನಲು ನಾವು ಯಾರು?

ಬಾಗಿಲು ತೆರೆಯಲಿ

ತಾಯಿ ಒಳಗೆ ಬಂದರೆ ಸೋಂಕು ತರುತ್ತಾಳೆ ಎಂಬುದು ಹಳೆಯ ಭಯ. ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದಲ್ಲಿ ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 1 ಕಿಲೋದಿಂದ 1.8 ಕಿಲೋ ಒಳಗಿನ ಶಿಶುಗಳನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇರಿಸಿದಾಗ ಸಾವಿನ ಪ್ರಮಾಣ ಶೇ. 25ರಷ್ಟು ಇಳಿಯಿತು. ಇದನ್ನೇ ಕಾಂಗರೂ ಆರೈಕೆ ಎನ್ನುತ್ತಾರೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೆ ಹೋದಾಗ ಶುರುವಾದದ್ದು ಇದು. ನಮ್ಮದೇ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರ್ಕಾರದೊಂದಿಗೆ ಸೇರಿ ಇದನ್ನು ಹಳ್ಳಿಯ ಮನೆಗಳವರೆಗೂ ಒಯ್ದಿದ್ದಾರೆ. ಕೊಪ್ಪಳದಲ್ಲಿ ಆದದ್ದು ಮಂಡ್ಯದಲ್ಲಿ ಆಗದೇ?

ತಂದೆತಾಯಿಯನ್ನು ಶಿಶು ಘಟಕದೊಳಗೆ ಬಿಟ್ಟುಕೊಂಡು, ಕೈ ತೊಳೆಯುವುದರಿಂದ ಹಿಡಿದು ಹಾಲುಣಿಸುವವರೆಗೆ ತರಬೇತಿ ಕೊಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಆದ್ದರಿಂದ ಓದುಗರೇ, "ಒಳಗೆ ಬರಬೇಡಿ" ಎಂದರೆ ತಲೆ ತಗ್ಗಿಸಿ ಹಿಂದಿರುಗಬೇಡಿ. ಜಗಳವೂ ಬೇಡ. "ಯಾವಾಗ ಬರಬಹುದು? ಮಗುವನ್ನು ಯಾವಾಗ ಎದೆಗೆ ಹಾಕಿಕೊಳ್ಳಬಹುದು? ಇಂದಿನ ತೂಕ ಎಷ್ಟು?" ಎಂದು ದಿನವೂ ವಿನಯದಿಂದ ಕೇಳಿ. ಕೇಳುವುದು ನಿಮ್ಮ ಹಕ್ಕು.

ನೀವು ಮಾಡಬಹುದಾದದ್ದು

ಮಗು ಬಾಯಿಂದ ಕುಡಿಯಲಾರದಿದ್ದರೂ ತಾಯಿ ಮೊದಲ ದಿನದಿಂದಲೇ ಹಾಲು ಹಿಂಡಲಿ. ರಾತ್ರಿಯೂ ಸೇರಿ ದಿನಕ್ಕೆ ಕನಿಷ್ಠ 8 ಸಲ. ಹಳದಿ ಬಣ್ಣದ ಮೊದಲ ಹಾಲನ್ನು ಚೆಲ್ಲಬೇಡಿ. ಒಂದು ಚಮಚೆ ಬಂದರೂ ಅದು ಮಗುವಿನ ಪಾಲಿಗೆ ರಕ್ಷಣೆ. ಅದನ್ನು ಹೇಗೆ ಇಡಬೇಕು, ಹೇಗೆ ತಲುಪಿಸಬೇಕು ಎಂದು ನರ್ಸ್‌ರನ್ನು ಕೇಳಿ.

ಯುನಾನಿ ವೈದ್ಯನಾಗಿ ಸ್ಪಷ್ಟವಾಗಿ ಹೇಳುತ್ತೇನೆ: ಐಸಿಯುನಲ್ಲಿರುವ ಮಗುವಿಗೆ ಘುಟ್ಟಿ, ಜೇನು, ಝಮ್‌ಝಮ್ ಯಾವುದನ್ನೂ ಕದ್ದು ನೆಕ್ಕಿಸಬೇಡಿ. ಜೇನು ಒಂದು ವರ್ಷ ತುಂಬುವವರೆಗೆ ಯಾವ ಮಗುವಿಗೂ ಬೇಡ. ತಹ್ನೀಕ್ ಮಾಡಲು ವೈದ್ಯರು ಸರಿ ಎನ್ನುವವರೆಗೆ ಕಾಯಬಹುದು. ಅಝಾನ್‌ಗೆ ಮಾತ್ರ ಕಾಯಬೇಕಿಲ್ಲ. ಅನುಮತಿ ಪಡೆದು, ಕೈ ತೊಳೆದು, ತಂದೆ ಮೆಲುದನಿಯಲ್ಲಿ ಹೇಳಲಿ. ಗರ್ಭದಲ್ಲಿದ್ದಾಗ ಕೇಳಿದ ದನಿಯನ್ನು ಮಗು ಗುರುತಿಸುತ್ತದೆ.

ತಂದೆಯನ್ನೂ ಮರೆಯಬೇಡಿ. ಅವನು ಆಸ್ಪತ್ರೆಯ ಮೆಟ್ಟಿಲ ಮೇಲೆ ಮಲಗಿ, ಕೂಲಿ ಬಿಟ್ಟು, ಸಾಲ ಮಾಡಿ, ಹೆಂಡತಿಗೆ ಫೋನಿನಲ್ಲಿ "ಎಲ್ಲ ಚೆನ್ನಾಗಿದೆ" ಎನ್ನುತ್ತಿರುತ್ತಾನೆ. ಸರ್ಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಕಾಯಿಲೆಯ ಶಿಶುವಿನ ಚಿಕಿತ್ಸೆ, ಔಷಧಿ, ಸಾಗಣೆ ಉಚಿತ ಎಂಬುದು ಅನೇಕ ತಂದೆಯರಿಗೆ ಗೊತ್ತಿಲ್ಲ. ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಬಸ್ಸೂ ಉಚಿತ. ಉಳಿಯುವುದು ಊಟ ಮತ್ತು ತಂಗುವ ಜಾಗ. ಇಲ್ಲಿ ನಮ್ಮ ಜಮಾಅತ್‌ಗಳ ಕೆಲಸವಿದೆ. ದೊಡ್ಡ ಆಸ್ಪತ್ರೆಗಳ ಬಳಿ ಒಂದು ಕೋಣೆ, ಎರಡು ಹೊತ್ತಿನ ಊಟ, ಎಲ್ಲ ಧರ್ಮದ ಬಾಣಂತಿಯರಿಗೂ. ಅಕೀಕದ ಔತಣದ ಖರ್ಚಿನಲ್ಲಿ ಒಂದು ಪಾಲು ಸಾಕು.

ಯಾವಾಗ ವೈದ್ಯರ ಬಳಿ ಹೋಗಬೇಕು?

ಹೆರಿಗೆಯಾದ ಮೊದಲ ದಿನಗಳಲ್ಲಿ ಅಳು, ಚಡಪಡಿಕೆ ಸಹಜ. ಎರಡು ವಾರ ಮೀರಿದರೂ ಅದು ಇಳಿಯದಿದ್ದರೆ, ಸಮಯ ಸಿಕ್ಕರೂ ನಿದ್ದೆ ಬಾರದಿದ್ದರೆ, ಮಗುವಿನ ಬಗ್ಗೆ ಏನೂ ಅನಿಸದಿದ್ದರೆ ಮಾನಸಿಕ ತಜ್ಞರನ್ನು ಕಾಣಿ. ಬದುಕುವುದೇ ಬೇಡ ಎನ್ನುವುದು, ಮಗುವಿಗೆ ಅಪಾಯ ಮಾಡುವ ಮಾತು, ಯಾರೋ ಮಾತಾಡಿಸಿದಂತೆ ಕೇಳುವುದು ಕಂಡರೆ ಅಂದೇ ಕರೆದೊಯ್ಯಿರಿ. ತಾವೀಝ್ ಕಟ್ಟಿಸಿಕೊಂಡು ಕಾಯುವ ಹೊತ್ತಲ್ಲ ಅದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನು ಮಗುವಿನಿಂದ ಬೇರ್ಪಡಿಸದೆ ಒಟ್ಟಿಗೇ ದಾಖಲಿಸಿ ಚಿಕಿತ್ಸೆ ಕೊಡುವ ವಿಭಾಗವೂ ಇದೆ.

ಎಲ್ಲ ಮಕ್ಕಳೂ ಉಳಿಯುವುದಿಲ್ಲ. ಅದನ್ನು ಮುಚ್ಚಿಟ್ಟು ಧೈರ್ಯ ಹೇಳುವುದು ಸುಳ್ಳಾಗುತ್ತದೆ. ಆದರೆ ಉಳಿದರೂ ಉಳಿಯದಿದ್ದರೂ, ತಾಯಿ ತನ್ನ ಮಗುವನ್ನು ಎದೆಗೆ ಅಪ್ಪಿಕೊಂಡಿದ್ದಳೇ ಇಲ್ಲವೇ ಎಂಬುದು ಅವಳ ಜೀವಮಾನವಿಡೀ ಉಳಿಯುತ್ತದೆ.

ಆ ಅತ್ತೆ ಎರಡು ತಿಂಗಳ ನಂತರ ಮತ್ತೆ ಬಂದರು, ತಮ್ಮ ಮಂಡಿನೋವಿಗೆ. ಸೊಸೆಯ ಜೊತೆ ತಾವೂ ಮಂಡ್ಯದಲ್ಲಿ ಹದಿನಾರು ದಿನ ಇದ್ದರಂತೆ. ಸೊಸೆ ಊಟಕ್ಕೆ ಹೋದಾಗ ನರ್ಸ್ ಇವರ ಎದೆಯ ಮೇಲೂ ಮಗುವನ್ನು ಮಲಗಿಸಿದರಂತೆ. "ನನ್ನ ಆರು ಮಕ್ಕಳನ್ನೂ ನಾನು ಹಾಗೆ ಹಿಡಿದಿರಲಿಲ್ಲ ಸಾಹೇಬರೇ" ಎಂದರು. ಆ ಸಲ ಅವರಿಗೆ ಔಷಧಿ ಬರೆದುಕೊಟ್ಟೆ.