ಹೊಟ್ಟೆಗೆ ಹೋರಾಡಿ, ಸರ್ಕಾರ ಮುಟ್ಟಬೇಡಿ!



'ಬೇಡಿಕೆ ಇಡಿ, ಆದರೆ ಅದರಲ್ಲಿ ರಾಜಕೀಯ ಬೆರೆಸಬೇಡಿ' ಎಂಬ ಬುದ್ಧಿವಾದ ನೀವೂ ಕೇಳಿರುತ್ತೀರಿ. ಈ ಮಾತನ್ನು ನಮ್ಮ ದೇಶದಲ್ಲಿ ಕಾನೂನು ಮಾಡಿ ಕೂರಿಸಿದವರು ಬ್ರಿಟಿಷರು.

1908ರ ಜುಲೈ 22ರಂದು ತಿಲಕರಿಗೆ ಆರು ವರ್ಷ ಗಡೀಪಾರಿನ ಶಿಕ್ಷೆಯಾಯಿತು. ಮುಂಬಯಿಯ ಗಿರಣಿ ಕೆಲಸಗಾರರು ವರ್ಷಕ್ಕೊಂದು ದಿನದ ಲೆಕ್ಕದಲ್ಲಿ ಆರು ದಿನ ಕೆಲಸ ನಿಲ್ಲಿಸಿದರು. ಕೂಲಿ ಕೇಳಲಿಲ್ಲ, ಬೋನಸ್ ಕೇಳಲಿಲ್ಲ. ಇಂಥ ಮುಷ್ಕರವೇ ಅಪರಾಧ ಅನ್ನುವ ಪ್ರತ್ಯೇಕ ಕಾನೂನು ಆಗ ಇರಲಿಲ್ಲ. ಕಾನೂನು ಇಲ್ಲದಿದ್ದರೇನು, ಬಂದೂಕು ಇತ್ತಲ್ಲ! ಗುಂಡು ಹಾರಿತು, ಜನ ಸತ್ತರು.

1928ರಲ್ಲಿ ಅದೇ ಮುಂಬಯಿ ಗಿರಣಿಗಳು ಸುಮಾರು ಆರು ತಿಂಗಳು ನಿಂತವು. ಮರುವರ್ಷವೇ ಕೈಗಾರಿಕಾ ವ್ಯಾಜ್ಯಗಳ ಕಾಯ್ದೆ ಬಂತು. ಅದರ 16ನೇ ಕಲಮು ನೋಡಿ: ಮುಷ್ಕರದ ಉದ್ದೇಶ ಆ ಕಸುಬಿನ ವ್ಯಾಜ್ಯ ದಾಟಿ, ಜನರಿಗೆ ತೀವ್ರ ತೊಂದರೆ ಕೊಟ್ಟು ಸರ್ಕಾರವನ್ನು ಬಗ್ಗಿಸುವಂತಿದ್ದರೆ ಅದು ಅಕ್ರಮ. ಪ್ರಚೋದಿಸಿದವನಿಗೆ ಮೂರು ತಿಂಗಳ ಸಜೆ, ಇಲ್ಲವೇ 200 ರೂಪಾಯಿ ದಂಡ, ಇಲ್ಲವೇ ಎರಡೂ. 1929ರ ಏಪ್ರಿಲ್ 8ರಂದು ಭಗತ್ ಸಿಂಗ್, ಬಟುಕೇಶ್ವರ ದತ್ತ ದೆಹಲಿಯ ಶಾಸನಸಭೆಯಲ್ಲಿ ಬಾಂಬು ಎಸೆದದ್ದು ಈ ಮಸೂದೆಯ ಹೊತ್ತಿನಲ್ಲೇ.

ಈ ಕಲಮಿನ ಮಾದರಿ ಇಂಗ್ಲೆಂಡಿನ 1927ರ ಕಾಯ್ದೆ. ಅಲ್ಲಿನ ಕೂಲಿಕಾರನಿಗೆ ಓಟಿತ್ತು. ಸರ್ಕಾರ ಬೇಡವಾದರೆ ಇಳಿಸಬಹುದಿತ್ತು. ಇಲ್ಲಿ ಆಸ್ತಿ, ತೆರಿಗೆ ನೋಡಿ ಓಟು. ಓಟೂ ಇಲ್ಲ, ಮುಷ್ಕರವೂ ಇಲ್ಲ ಅಂದರೆ ಮನುಷ್ಯ ಮಾಡುವುದಾದರೂ ಏನು ಸ್ವಾಮಿ?

ರೈತನ ಗತಿಯೂ ಇದೇ. ಬಾರ್ಡೋಲಿಯಲ್ಲಿ ಕಂದಾಯವನ್ನು ನೂರಕ್ಕೆ 22ರಷ್ಟು ಏರಿಸಿದರು. ಮುಂಬಯಿ ಪ್ರಾಂತದಲ್ಲಿ ಕಂದಾಯದ ದರ ಪ್ರಶ್ನಿಸಿ ಸಿವಿಲ್ ಕೋರ್ಟಿಗೆ ಹೋಗದಂತೆ 1876ರಲ್ಲೇ ಕಾನೂನು ಮಾಡಿದ್ದರು. 1928ರಲ್ಲಿ ರೈತರು ವಲ್ಲಭಭಾಯಿ ಪಟೇಲರ ಮುಂದಾಳ್ತನದಲ್ಲಿ ಕಂದಾಯ ನಿಲ್ಲಿಸಿದರು. ಜಮೀನು ಜಪ್ತಾಯಿತು, ಎಮ್ಮೆಗಳು ಹರಾಜಾದವು. ಜನ ಜಗ್ಗಲಿಲ್ಲ. ಕೊನೆಗೆ ಸರ್ಕಾರದ ಇಬ್ಬರು ಅಧಿಕಾರಿಗಳೇ ವಿಚಾರಣೆ ಮಾಡಿ, ನ್ಯಾಯವಾದ ಏರಿಕೆ ನೂರಕ್ಕೆ 6ರಷ್ಟು ಮಾತ್ರ ಅಂದರು. ಹಾಗಾದರೆ ತಪ್ಪು ಯಾರದಾಗಿತ್ತು?

ಕಂದಾಯ ಕಟ್ಟುವುದು ಸರ್ಕಾರ, ಹೊಟ್ಟೆ ಒಣಗುವುದು ನಮ್ಮದು. ಇವೆರಡರ ನಡುವೆ ಗೆರೆ ಎಳೆಯುವುದು ಹೇಗೆ? 1929ರ ಆ ಕಾಯ್ದೆ 1947ರಲ್ಲಿ ರದ್ದಾಯಿತು. ಬುದ್ಧಿವಾದ ಮಾತ್ರ ಉಳಿದಿದೆ. ಹೇಳುವವರು ಬಂದಾಗ, ಈ ಗೆರೆ ಎಳೆದವರು ಯಾರು, ಯಾತಕ್ಕೆ ಎಳೆದರು ಅಂತ ಒಮ್ಮೆ ಕೇಳಿ ನೋಡಿ.