ವಿಮಾನ ನಿಲ್ದಾಣಕ್ಕೂ ಮೊದಲೇ ಎಡವುವ ವಿದೇಶ ಪ್ರಯಾಣ

2025ರ ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೊ ಸಂಸ್ಥೆಯ ಸಾವಿರಾರು ಹಾರಾಟಗಳು ರದ್ದಾದಾಗ ದೇಶದ ಮಾಧ್ಯಮಗಳೆಲ್ಲ ಮಹಾನಗರಗಳ ವಿಮಾನ ನಿಲ್ದಾಣಗಳತ್ತ ಧಾವಿಸಿದವು. ಪೈಲಟ್‌ಗಳ ವಿಶ್ರಾಂತಿಗೆ ಸಂಬಂಧಿಸಿದ ಹೊಸ ನಿಯಮಕ್ಕೆ ಸಂಸ್ಥೆ ಸಜ್ಜಾಗಿರಲಿಲ್ಲ ಎಂಬುದು ಬಯಲಾಯಿತು, ಸರ್ಕಾರ ಆ ನಿಯಮಗಳಲ್ಲಿ ತಾತ್ಕಾಲಿಕ ವಿನಾಯಿತಿ ನೀಡಿತು, ಕೆಲವೇ ದಿನಗಳಲ್ಲಿ ಸುದ್ದಿ ತಣ್ಣಗಾಯಿತು. ಆದರೆ ಕಲಬುರಗಿಯಂಥ ಊರಿನಿಂದ ವಿದೇಶಕ್ಕೆ ಹೊರಡುವವನ ಮಟ್ಟಿಗೆ ಅವಘಡ ಎಂಬುದು ವಿಮಾನ ನಿಲ್ದಾಣದ ಬಾಗಿಲಲ್ಲಿ ಆರಂಭವಾಗುವಂಥದಲ್ಲ. ಅದು ಅದಕ್ಕೂ ಎಷ್ಟೋ ಮೊದಲು, ಕೆಲವೊಮ್ಮೆ ಶಾಲೆಯ ದಾಖಲಾತಿ ಪುಸ್ತಕದಲ್ಲೇ ಆರಂಭವಾಗಿರುತ್ತದೆ.

ಮೊದಲು ದಾರಿಯ ಮಾತು. ಕಲಬುರಗಿಗೆ ಸ್ವಂತ ವಿಮಾನ ನಿಲ್ದಾಣವಿದೆ. 2008ರಲ್ಲಿ ಅಡಿಗಲ್ಲು ಬಿದ್ದ ಈ ನಿಲ್ದಾಣ ಉದ್ಘಾಟನೆಯಾಗಿದ್ದು 2019ರ ನವೆಂಬರ್ 22ರಂದು. ಶ್ರೀನಿವಾಸ ಸರಡಗಿಯ ಬಳಿ ಮೂರು ಕಿಲೋಮೀಟರಿಗೂ ಉದ್ದದ ರನ್‌ವೇ ಇದೆ. ಉಡಾನ್ ಯೋಜನೆಯ ಸಹಾಯಧನದ ಬಲದಿಂದ ಬೆಂಗಳೂರಿಗೆ ವಿಮಾನ ಹಾರಿತು. ಸಹಾಯಧನದ ಅವಧಿ ಮೂರು ವರ್ಷ ಮಾತ್ರ. ಅದು ಮುಗಿದ ಮೇಲೆ ಸೇವೆ ಕುಂಟತೊಡಗಿ, 2025ರ ಅಕ್ಟೋಬರ್ ಮಧ್ಯದಲ್ಲಿ ಬೆಂಗಳೂರಿನ ಹಾರಾಟ ನಿಂತಿತು. ರನ್‌ವೇ ಕಟ್ಟುವುದಕ್ಕೆ ಹಣ ಕೊಡುವ ಸರ್ಕಾರಗಳು, ವಿಮಾನ ನಿತ್ಯ ಬರುವಂತೆ ನೋಡಿಕೊಳ್ಳುವ ವಿಷಯದಲ್ಲಿ ಮಾತ್ರ ಮಾರುಕಟ್ಟೆಯತ್ತ ಬೆರಳು ತೋರುತ್ತವೆ. 2024ರ ಮಾರ್ಚ್‌ನಲ್ಲಿ ಬಂದ ವಂದೇ ಭಾರತ್ ರೈಲು ದೊಡ್ಡ ಅನುಕೂಲವೇ ಸರಿ. ಆದರೂ ಬೆಂಗಳೂರು ಸುಮಾರು ಆರುನೂರು ಕಿಲೋಮೀಟರ್ ದೂರದ ಊರು.

ಹೈದರಾಬಾದ್ ಅದರ ಅರ್ಧಕ್ಕಿಂತಲೂ ಹತ್ತಿರ. ಹೀಗಾಗಿ ನಮ್ಮ ಭಾಗದವರ ನಿಜವಾದ ಅಂತರರಾಷ್ಟ್ರೀಯ ನಿಲ್ದಾಣ ಶಂಶಾಬಾದ್. ಬೀದರ್, ಕಲಬುರಗಿ ಜಿಲ್ಲೆಗಳ ಹಜ್ ಯಾತ್ರಿಕರು ವಿಮಾನ ಏರುತ್ತ ಬಂದದ್ದು ಹೈದರಾಬಾದಿನಿಂದಲೇ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ದೇಶದ ಮೊದಲ ಸಾವು ಕಲಬುರಗಿಯ ವೃದ್ಧರೊಬ್ಬರದೆಂದು ವರದಿಯಾದಾಗ, ಸೌದಿಯಿಂದ ಅವರು ಬಂದಿಳಿದದ್ದೂ ಹೈದರಾಬಾದಿನಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟೆವು, ಸಂತೋಷ. ಹೆಸರು ಬದಲಾದರೂ ರಸ್ತೆ ಹೋಗುವುದು ಅದೇ ಹೈದರಾಬಾದಿಗೆ.

ಆ ರಸ್ತೆ ಕಮಲಾಪುರ, ಹುಮನಾಬಾದ್, ಜಹೀರಾಬಾದ್ ದಾಟಿ ಹೋಗುತ್ತದೆ. 2022ರ ಜೂನ್ 3ರ ಬೆಳಿಗ್ಗೆ ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಕಮಲಾಪುರದ ಹೊರವಲಯದಲ್ಲಿ ಸರಕು ವಾಹನಕ್ಕೆ ಡಿಕ್ಕಿ ಹೊಡೆದು, ಉರುಳಿ, ಹೊತ್ತಿ ಉರಿದು ಕನಿಷ್ಠ ಏಳು ಮಂದಿ ಪ್ರಾಣ ಕಳೆದುಕೊಂಡರು. ರಾತ್ರಿ ಬಸ್ಸನ್ನೇ ನೆಚ್ಚಿಕೊಂಡು ನಸುಕಿನ ವಿಮಾನ ಹಿಡಿಯಬೇಕಾದವರು ಈ ಘಟನೆಯನ್ನು ಮರೆಯಲಾರರು.

ಕಳೆದ ವರ್ಷ ಕಮಲಾಪುರದಲ್ಲಿರುವ ನನ್ನ ಅಕ್ಕನ ಮಗಳು ಉನ್ನತ ವ್ಯಾಸಂಗಕ್ಕೆಂದು ಜರ್ಮನಿಗೆ ಹೊರಟಿದ್ದಳು. ಕಲಬುರಗಿಯಿಂದ ಬರಬೇಕಿದ್ದ ಬಸ್ಸಿಗಾಗಿ ರಾತ್ರಿ ಹತ್ತಕ್ಕೇ ರಸ್ತೆಗೆ ಬಂದು ನಿಂತವಳು ಹನ್ನೊಂದೂವರೆಗೆ ನನಗೆ ಫೋನ್ ಮಾಡಿದಳು. ‘ಮಾಮಾ, ಬಸ್ ಇನ್ನಾ ಬಂದಿಲ್ರೀ, ಅವ್ರು ಫೋನೂ ಎತ್ತವಲ್ರು’ ಎಂಬ ಅವಳ ದನಿಯಲ್ಲಿ ಅಳು ಇತ್ತು. ಬಸ್ಸು ಕೆಟ್ಟು ನಿಂತದ್ದು ನಮಗೆ ತಿಳಿದದ್ದು ಮರುದಿನ. ಪರಿಚಯದ ತರಕಾರಿ ಟೆಂಪೊದಲ್ಲಿ ಹುಮನಾಬಾದ್, ಅಲ್ಲಿಂದ ದುಪ್ಪಟ್ಟು ಬಾಡಿಗೆಯ ಕಾರಿನಲ್ಲಿ ಶಂಶಾಬಾದ್ ತಲುಪಿದಾಗ ಕೌಂಟರ್ ಮುಚ್ಚಲು ಹತ್ತು ನಿಮಿಷ ಉಳಿದಿತ್ತು. ವಿಮಾನ ಸಿಕ್ಕಿತು. ಅಕ್ಕ ಕಟ್ಟಿಕೊಟ್ಟಿದ್ದ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪು ಮಾತ್ರ ಟೆಂಪೊದಲ್ಲೇ ಉಳಿದು ವಾಪಸು ಬಂತು.

ಸಿಕ್ಕದಿದ್ದರೆ? ಪ್ರಶ್ನೆ ಇರುವುದು ಇಲ್ಲಿ. ಇಡೀ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿದ್ದು, ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದರೆ ಪರ್ಯಾಯ ಕಲ್ಪಿಸುವ ಹೊಣೆ ಸಾಮಾನ್ಯವಾಗಿ ವಿಮಾನ ಸಂಸ್ಥೆಯದು. ಭಾರತ 2009ರಲ್ಲಿ ಸೇರಿದ ಮಾಂಟ್ರಿಯಲ್ ಒಪ್ಪಂದವೂ ವಿಳಂಬದಿಂದಾದ ನಷ್ಟಕ್ಕೆ ಪರಿಹಾರ ಕೇಳಲು ಅವಕಾಶ ಕೊಡುತ್ತದೆ. ಆದರೆ ಕಲಬುರಗಿಯವನು ತೆಗೆಸುವುದು ಬೇರೆ ಬೇರೆ ಟಿಕೆಟ್ಟು: ಬಸ್ಸಿನದೊಂದು, ರೈಲಿನದೊಂದು, ವಿಮಾನದ್ದೊಂದು. ಬಸ್ಸು ಕೆಟ್ಟರೆ ವಿಮಾನ ಸಂಸ್ಥೆಯ ದಾಖಲೆಯಲ್ಲಿ ಆತ ಕೇವಲ ಗೈರುಹಾಜರಾದ ಪ್ರಯಾಣಿಕ. ಬಸ್ಸಿನವರು ಕೊಟ್ಟರೆ ಬಸ್ಸಿನ ದರ ವಾಪಸು ಕೊಟ್ಟಾರು. ರೈಲ್ವೆ ಇಲಾಖೆ 2019ರ ಏಪ್ರಿಲ್‌ನಿಂದ ಎರಡು ರೈಲುಗಳ ಪಿಎನ್‌ಆರ್‌ಗಳನ್ನು ಜೋಡಿಸಿ, ಒಂದು ರೈಲು ತಡವಾಗಿ ಇನ್ನೊಂದು ತಪ್ಪಿದರೆ ಪ್ರಯಾಣಿಸದ ಭಾಗದ ಹಣ ಮರಳಿಸುವ ಕ್ರಮ ತಂದಿದೆ. ರೈಲಿನಿಂದ ರೈಲಿಗೆ ಸಾಧ್ಯವಾದ ಈ ಸರಳ ನ್ಯಾಯ ಬಸ್ಸಿನಿಂದ ವಿಮಾನಕ್ಕೆ ಯಾಕೆ ಸಾಧ್ಯವಾಗಬಾರದು ಎಂದು ಕೇಳುವವರೇ ಇಲ್ಲ.

ಇನ್ನು ಕಾಗದಪತ್ರಗಳ ಮಾತು. ರಸ್ತೆಗಿಂತ ಇದೇ ಹೆಚ್ಚು ಜನರನ್ನು ಕೆಡವಿದೆ ಎಂಬುದು ನನ್ನ ಅನುಭವ. ನಮ್ಮ ಕಡೆ ಹಿಂದಿನ ತಲೆಮಾರಿನ ಅರ್ಧ ಊರು ಹುಟ್ಟಿದ್ದು ಜೂನ್ 1ರಂದು! ಶಾಲೆಗೆ ಸೇರಿಸುವಾಗ ಮೇಷ್ಟರು ಬರೆದುಕೊಂಡ ದಿನಾಂಕ ಅದು. ಆಮೇಲೆ ಗ್ರಾಮ ಪಂಚಾಯಿತಿಯಲ್ಲಿ ಬೇರೆಯದೇ ದಿನಾಂಕದ ಜನನ ಪ್ರಮಾಣಪತ್ರ ಸಿಕ್ಕರೆ ಎರಡೂ ಪರಸ್ಪರ ಸುಳ್ಳಾಗುತ್ತವೆ. ಹೆಸರಿನದು ಇನ್ನೊಂದು ಕಥೆ. ‘ಶರಣಪ್ಪ ತಂದೆ ಬಸಣ್ಣ’ ಎಂದು ಬರೆಯುವುದು ನಮ್ಮ ರೂಢಿ. ಪಾಸ್‌ಪೋರ್ಟ್ ಅರ್ಜಿ ಕೇಳುವುದು ಕುಲನಾಮ. ಒಬ್ಬ ಗುಮಾಸ್ತ ಊರಿನ ಹೆಸರನ್ನೂ, ಇನ್ನೊಬ್ಬ ತಂದೆಯ ಹೆಸರನ್ನೂ ಆ ಜಾಗಕ್ಕೆ ತುಂಬುತ್ತಾನೆ, ಮೂರನೆಯವನು ಖಾಲಿ ಬಿಡುತ್ತಾನೆ. 2022ರ ನವೆಂಬರ್‌ನಲ್ಲಿ ಸಂಯುಕ್ತ ಅರಬ್ ಸಂಸ್ಥಾನ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಪ್ರವಾಸಿ ವೀಸಾದಡಿ ಪ್ರವೇಶವಿಲ್ಲ ಎಂದಾಗ, ಆ ಖಾಲಿ ಜಾಗದ ಬೆಲೆ ಗೊತ್ತಾಯಿತು. ತಂದೆಯ ಹೆಸರು ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿದ್ದರೆ ಸಾಕು ಎಂಬ ಸ್ಪಷ್ಟನೆ ಆಮೇಲೆ ಬಂತು. ಅಷ್ಟರಲ್ಲಿ ಟಿಕೆಟ್ ತೆಗೆಸಿಟ್ಟವರ ಗತಿ ಏನಾಗಿರಬೇಕು? 2014ರ ನವೆಂಬರ್ 1ರಂದು ಗುಲಬರ್ಗಾ ಕಲಬುರಗಿಯಾದದ್ದೂ ಈ ಗೋಜಲಿಗೆ ಒಂದು ಎಳೆ ಸೇರಿಸಿದೆ. ನಮ್ಮ ನಗರದ ಹೆಸರಿನ ಹೆಮ್ಮೆ ನಮಗಿದೆ. ದೂರದ ದೇಶದ ವೀಸಾ ಅಧಿಕಾರಿಗೆ ಮಾತ್ರ ಇವು ಎರಡು ಬೇರೆ ಊರುಗಳು.

ಈ ಅವಘಡಗಳ ಹೊರೆ ಎಲ್ಲರ ಮೇಲೂ ಒಂದೇ ತೆರನಾಗಿ ಬೀಳುವುದಿಲ್ಲ ಎಂಬುದೇ ನಿಜವಾದ ತಕರಾರು. ಸಾಫ್ಟ್‌ವೇರ್ ಕಂಪನಿಯ ಉದ್ಯೋಗಿಗೆ ವಿಮಾನ ತಪ್ಪಿದರೆ ಕಂಪನಿ ಮತ್ತೊಂದು ಟಿಕೆಟ್ ಕಳಿಸುತ್ತದೆ. ವಿದ್ಯಾರ್ಥಿನಿಗೆ ತಪ್ಪಿದರೆ ಬ್ಯಾಂಕಿನ ಸಾಲದ ಮೇಲೆ ಇನ್ನೊಂದು ಸಾಲ. ಹತ್ತನೇ ತರಗತಿ ದಾಟದ, ವಲಸೆ ತಪಾಸಣೆ ಕಡ್ಡಾಯವೆಂದು ಪಾಸ್‌ಪೋರ್ಟಿನಲ್ಲಿ ನಮೂದಾಗಿರುವ ಕೊಲ್ಲಿ ಕಾರ್ಮಿಕನಿಗಾದರೋ ಗಡುವಿನ ಕತ್ತಿ ಬೇರೆ. ದುಬೈಯಂಥ ಕಡೆಯ ಉದ್ಯೋಗ ಪ್ರವೇಶ ಪರವಾನಗಿಗೆ ಸಾಮಾನ್ಯವಾಗಿ ಇರುವುದು ಅರವತ್ತು ದಿನ. ಹೆಸರಿನ ಒಂದಕ್ಷರ ತಿದ್ದಿಸಲು ಅಲೆದಾಡುವಷ್ಟರಲ್ಲಿ ಅದು ಮುಗಿದಿರುತ್ತದೆ, ಏಜೆಂಟನಿಗೆ ಕೊಟ್ಟ ಹಣವೂ ಮುಗಿದಿರುತ್ತದೆ.

ಇದಕ್ಕೆ ಮಹಾ ಯೋಜನೆಗಳೇನೂ ಬೇಕಿಲ್ಲ. ಬೆಂಗಳೂರು ವಿಮಾನ ನಿಲ್ದಾಣಕ್ಕೆ ಮೈಸೂರಿನಿಂದ ಸರ್ಕಾರಿ ಫ್ಲೈಬಸ್ ಓಡುತ್ತದೆ. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ಮಾರ್ಗವಾಗಿ ನೇರ ಶಂಶಾಬಾದಿಗೆ, ಕೊಲ್ಲಿ ವಿಮಾನಗಳ ವೇಳೆಗೆ ಹೊಂದುವಂತೆ, ಬಸ್ಸು ಕೆಟ್ಟರೆ ಹುಮನಾಬಾದ್ ಘಟಕದಿಂದ ಬದಲಿ ಬಸ್ಸು ಹೊರಡುವ ಖಾತ್ರಿಯೊಂದಿಗೆ ಅಂಥದೇ ಸೇವೆ ನಡೆಸಬಹುದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚಾಗುವ ಮೊದಲೇ ಮಕ್ಕಳ ಹೆಸರು, ಜನ್ಮದಿನಾಂಕಗಳನ್ನು ಜನನ ಪ್ರಮಾಣಪತ್ರ ಹಾಗೂ ಆಧಾರ್ ಜತೆ ಹೋಲಿಸಿ, ಪಾಲಕರನ್ನು ಕರೆದು ಸರಿಪಡಿಸುವ ಒಂದು ವಾರದ ಕೆಲಸವನ್ನು ಶಿಕ್ಷಣ ಇಲಾಖೆ ವಹಿಸಿಕೊಳ್ಳಬಹುದು. 371ಜೆ ಅಡಿ ಬರುವ ಮಂಡಳಿಯ ಅನುದಾನ ಕಟ್ಟಡಗಳಿಗೆ ಹರಿಯುವುದನ್ನು ಹತ್ತು ವರ್ಷಕ್ಕೂ ಮೇಲ್ಪಟ್ಟು ನೋಡುತ್ತಿದ್ದೇವೆ. ಅದರಲ್ಲೊಂದು ಪಾಲು ನಾಲ್ಕು ಬಸ್ಸುಗಳಿಗೂ ಕೆಲವು ಗುಮಾಸ್ತರಿಗೂ ಸಿಗಬಾರದೆಂದು ಯಾವ ಕಾನೂನೂ ಹೇಳಿಲ್ಲ.